ತನ್ನ ರಕ್ತವನ್ನು ತಾನೇ ನೋಡಿದ ರಕ್ತಪರೀಕ್ಷಕ

"ಗುರುಗಳೇ, ರಕ್ತದಲ್ಲಿ ರೋಗ ಇದೆ ಅಂತ ರಿಪೋರ್ಟೇ ಬಂದಿದೆ. ಇನ್ನು ಔಷಧ ಶುರುಮಾಡೋದಕ್ಕೆ ಯೋಚನೆ ಯಾಕೆ?"

ಕೀಲುರೋಗ ನೋಡುವ ಹಿರಿಯ ವೈದ್ಯರೊಬ್ಬರನ್ನು ಅವರ ಶಿಷ್ಯ ಹೀಗೆ ಕೇಳಿದ. ಅವನ ಕೈಯಲ್ಲಿ ಒಬ್ಬ ಹೆಂಗಸಿನ ರಿಪೋರ್ಟಿತ್ತು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಕೀಲು, ಚರ್ಮ, ಮೂತ್ರಪಿಂಡಗಳ ಮೇಲೆ ತಿರುಗಿಬೀಳುವ ರೋಗಗಳಿವೆಯಲ್ಲ, ಅವನ್ನು ಹುಡುಕುವ ಎ.ಎನ್.ಎ. ಪರೀಕ್ಷೆಯ ರಿಪೋರ್ಟು. 'ಪಾಸಿಟಿವ್' ಎಂದಿತ್ತು.

ಗುರುಗಳು ಅದನ್ನು ಓದಲಿಲ್ಲ. "ಕೂತ್ಕೋ" ಎಂದು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ರಕ್ತಪರೀಕ್ಷಕನಿದ್ದ. ಕೆಲಸದಲ್ಲಿ ಗಟ್ಟಿಗ. ರಕ್ತದ ತಿಳಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚುತ್ತಿದ್ದ. ಹಸಿರು ಬೆಳಕು ಕಂಡರೆ 'ಇದೆ' ಎಂದು ಬರೆಯುತ್ತಿದ್ದ. ಕಾಣದಿದ್ದರೆ 'ಇಲ್ಲ'. ಆ ತಿಳಿಯನ್ನು ಮತ್ತೆ ಮತ್ತೆ ತೆಳುಮಾಡುತ್ತ, ಬೆಳಕು ಎಲ್ಲಿಯವರೆಗೆ ಉಳಿಯುತ್ತದೆ ಎಂದು ನೋಡುವುದು ಕ್ರಮ. ಅದಕ್ಕೆ ಹೊತ್ತು ಹಿಡಿಯುತ್ತದೆ. ಅವನು ಮೊದಲ ಸಲಕ್ಕೇ ನಿಲ್ಲಿಸುತ್ತಿದ್ದ. ಯಾಕೆಂದು ಕೇಳಿದವರಿರಲಿಲ್ಲ.

ರೋಗಿಗಳ ರಕ್ತದ ಪಕ್ಕದಲ್ಲಿ ಪ್ರತಿ ಸಲವೂ ರೋಗವಿಲ್ಲದ ರಕ್ತದ ಒಂದು ತೊಟ್ಟು ಇಡಬೇಕು. ಅದು ಹೊಳೆಯದೆ ಉಳಿದರೆ ಪರೀಕ್ಷೆ ಸರಿ. ಆ ತೊಟ್ಟು ಕಂಪನಿಯಿಂದ ಸೀಸೆಯಲ್ಲಿ ಬರುತ್ತಿತ್ತು. ಒಂದು ದಿನ ಸೀಸೆ ಬರಿದಾಯಿತು. ಹೊಸದು ಬರಲು ನಾಲ್ಕು ದಿನವಿತ್ತು. ನನಗಿಂತ ಗಟ್ಟಿಮುಟ್ಟಾದವನು ಈ ಪೇಟೆಯಲ್ಲಿ ಯಾರಿದ್ದಾನೆ ಅಂದುಕೊಂಡು ಅವನು ತನ್ನ ತೋಳಿಗೇ ಸೂಜಿ ಚುಚ್ಚಿಕೊಂಡ.

ಕತ್ತಲೆ ಕೋಣೆಯಲ್ಲಿ ಅವನ ರಕ್ತ ಹಸಿರಾಗಿ ಹೊಳೆಯಿತು.

ಗಾಜು ಕೊಳೆಯಾಗಿರಬೇಕೆಂದು ಮತ್ತೆ ಮಾಡಿದ. ಮತ್ತೆ ಹೊಳೆಯಿತು. ಅಂದು ಅವನಿಗೆ ಅನ್ನ ಇಳಿಯಲಿಲ್ಲ. ಮೂರನೆಯ ದಿನ ಮೊಣಕಾಲು ನೋಯತೊಡಗಿತು. ಐದನೆಯ ದಿನ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದ. ಆರನೆಯ ದಿನ ಒಬ್ಬ ವೈದ್ಯೆಯ ಬಳಿ ಹೋದ.

ವೈದ್ಯೆ ಅವನ ಕಾಗದವನ್ನು ಬದಿಗಿಟ್ಟರು. ಬಿಸಿಲಿಗೆ ಹೋದರೆ ಮುಖ ಕೆಂಪಾಗುತ್ತದೆಯೇ, ಬಾಯಲ್ಲಿ ಹುಣ್ಣಾಗುತ್ತದೆಯೇ, ತಣ್ಣೀರು ಮುಟ್ಟಿದರೆ ಬೆರಳು ಬೆಳ್ಳಗಾಗುತ್ತದೆಯೇ ಎಂದು ಕೇಳುತ್ತ ಹೋದರು. ಅವನು ಎಲ್ಲಕ್ಕೂ ಇಲ್ಲ ಎಂದ. ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಮೂತ್ರ ಪರೀಕ್ಷೆ ಮಾಡಿಸಿದರು. ಅದೂ ಸರಿಯಿತ್ತು.

"ಮೊಣಕಾಲು ಯಾವಾಗಿಂದ ನೋವು?"

"ಆ ಬೆಳಕು ಕಂಡಾಗಿಂದ, ಮೇಡಂ."

ವೈದ್ಯೆ ನಕ್ಕುಬಿಟ್ಟರು. "ಏಳಪ್ಪ, ಎದ್ದು ಕೆಲಸಕ್ಕೆ ಹೋಗು. ಮೊದಲ ಸಲಕ್ಕೇ ನಿಲ್ಲಿಸಿದರೆ ಏನೂ ರೋಗವಿಲ್ಲದ ನಾಲ್ಕೈದು ಜನರಲ್ಲಿ ಒಬ್ಬರದು ಹೊಳೆಯುತ್ತದೆ. ಇಷ್ಟು ವರ್ಷ ಅದರೊಳಗೇ ಕಣ್ಣಿಟ್ಟವನು ನೀನು, ನಿನಗೆ ನಾನು ಹೇಳಬೇಕೇ?"

ಅವನು ಮೆಟ್ಟಿಲುಗಳನ್ನು ಓಡಿ ಇಳಿದ. ಬಾಗಿಲ ಬಳಿ ನಿಂತುಬಿಟ್ಟ. ಮೂರು ತಿಂಗಳ ಹಿಂದೆ ಇಷ್ಟೇ ಬೆಳಕಿಗೆ ಅವನು ಬಟ್ಟೆ ಹೊಲಿಯುವ ಹೆಂಗಸೊಬ್ಬಳಿಗೆ 'ಇದೆ' ಎಂದು ಬರೆದಿದ್ದ.

ವಿಳಾಸ ಹುಡುಕಿಕೊಂಡು ಹೋದ. ಅವಳು ತಾಯಿಯ ಮನೆಯಲ್ಲಿದ್ದಳು. ಮಾತ್ರೆ ತಿಂದು ಮುಖ ಊದಿತ್ತು. ಮದುವೆಯಾಗಿ ಎರಡು ವರ್ಷ. ಈ ರೋಗದಲ್ಲಿ ಮಗು ಬೇಡ ಎಂದು ಯಾರೋ ಹೇಳಿದ್ದರು. ಅದನ್ನು ಕೇಳಿದ ಅತ್ತೆ ಮಗನಿಗೆ ಬೇರೆ ಹೆಣ್ಣು ನೋಡುವ ಮಾತು ತೆಗೆದಿದ್ದಳು.

ಅವನು ತನ್ನ ಸಂಗತಿಯನ್ನೆಲ್ಲ ಹೇಳಿದ.

"ನಿಮ್ಮ ರಕ್ತವೂ ಹೊಳೀತಾ?" ಎಂದಳು.

"ಹೊಳೀತಮ್ಮ."

"ಮತ್ತೆ ನಿಮಗೆ ಈ ಮಾತ್ರೆ ಕೊಡಲಿಲ್ವಾ?"

"ಇಲ್ಲ. ಮೇಡಂ ಏನೇನೋ ಕೇಳಿದರು. ಕೈಕಾಲು ಒತ್ತಿ ನೋಡಿದರು."

"ನನ್ನನ್ನ ಯಾರೂ ಏನೂ ಕೇಳಲಿಲ್ಲ ಅಣ್ಣ. ಕಾಗದ ನೋಡಿದರು, ಮಾತ್ರೆ ಬರೆದರು."

ಅವನು ಅವಳನ್ನು ಅದೇ ವೈದ್ಯೆಯ ಬಳಿಗೆ ಕರೆದುಕೊಂಡು ಹೋದ. ವೈದ್ಯೆ ಕೇಳಿದರು. ರಕ್ತ ಕೊಟ್ಟ ದಿನಗಳಲ್ಲಿ ಅವಳ ಓಣಿಗೆಲ್ಲ ಚಿಕೂನ್‌ಗುನ್ಯ ಬಂದಿತ್ತು. ಅವಳಿಗೂ ಬಂದಿತ್ತು. ಜ್ವರ ಬಿಟ್ಟ ಮೇಲೂ ಕೀಲುನೋವು ಉಳಿದಿತ್ತು. ಆ ನೋವಿಗೆ ಬರೆದ ಪರೀಕ್ಷೆ ಅದು. ವೈದ್ಯೆ ಅವಳ ಕೈಕಾಲು ನೋಡಿದರು, ಮೂತ್ರ ನೋಡಿಸಿದರು, ಹುಡುಕಬೇಕಾದದ್ದನ್ನೆಲ್ಲ ಹುಡುಕಿದರು. ರೋಗ ಸಿಗಲಿಲ್ಲ. ಮಾತ್ರೆಯನ್ನು ಒಮ್ಮೆಲೇ ಬಿಡಿಸದೆ ವಾರ ವಾರ ಇಳಿಸಿದರು. ಗಂಡನನ್ನು ಕರೆಸಿ ಎದುರಿಗೆ ಕೂರಿಸಿಕೊಂಡು, ಇವಳಿಗೆ ಆ ರೋಗವಿಲ್ಲ ಎಂದು ಅವನಿಗೆ ಅರ್ಥವಾಗುವ ತನಕ ಹೇಳಿದರು. ಗಂಡ ತಲೆ ತಗ್ಗಿಸಿಕೊಂಡು ಹೆಂಡತಿಯನ್ನು ಕರೆಯಲು ಬಂದ. ಅವಳು ಹೊಲಿಗೆ ಮೆಶಿನ್ನಿನಿಂದ ಕತ್ತೆತ್ತಲಿಲ್ಲ. "ಹಬ್ಬದ ಬಟ್ಟೆ ಒಪ್ಪಿಕೊಂಡಿದೀನಿ. ಮುಗಿಸಿ ಬರ್ತೀನಿ, ಕಾಯಿರಿ" ಎಂದಳು. ಗಂಡ ಕಾದ.

ಮುಂದೆ ರಕ್ತಪರೀಕ್ಷಕ ಒಂದು ಪದ್ಧತಿ ಇಟ್ಟುಕೊಂಡ. ಚೀಟಿಯಲ್ಲಿ 'ರೋಗಿಯ ತೊಂದರೆ' ಎಂಬ ಸಾಲು ಖಾಲಿಯಿದ್ದರೆ ರಕ್ತವನ್ನು ಫ್ರಿಜ್ಜಿನಲ್ಲಿಟ್ಟು ವೈದ್ಯರಿಗೆ ಫೋನು ಮಾಡುತ್ತಿದ್ದ.

"ನೀನೇನು ಡಾಕ್ಟರಾ?" ಎಂದು ಒಬ್ಬರು ರೇಗಿದರು.

"ಅಲ್ಲ ಸಾರ್. ಅದಕ್ಕೇ ಕೇಳ್ತಿದೀನಿ."

ಒಂದು ದಿನ ಒಬ್ಬ ಹುಡುಗಿಯ ಚೀಟಿ ಬಂತು. ಆ ಸಾಲು ತುಂಬಿತ್ತು. ಮುಖದ ಮೇಲೆ ಕೆಂಪು, ಬಾಯಲ್ಲಿ ಹುಣ್ಣು, ಕಾಲಲ್ಲಿ ಬಾವು. ಅವನು ತಿಳಿಯನ್ನು ತೆಳುಮಾಡಿದ, ಇನ್ನೂ ತೆಳುಮಾಡಿದ. ಐದನೆಯ ಸಲಕ್ಕೂ ಬೆಳಕು ಆರಲಿಲ್ಲ. ರಿಪೋರ್ಟನ್ನು ತಾನೇ ಹಿಡಿದುಕೊಂಡು ಆಸ್ಪತ್ರೆಗೆ ಓಡಿದ. ಅಂದೇ ಔಷಧ ಶುರುವಾಯಿತು. ಹುಡುಗಿಯ ಮೂತ್ರಪಿಂಡಗಳು ಉಳಿದವು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಈ ಹೆಂಗಸಿಗೆ ರೋಗ ಇದೆಯೋ ಇಲ್ಲವೋ, ಗುರುಗಳೇ?" ಎಂದ ಶಿಷ್ಯ.

"ಅವಳು ಏನು ಹೇಳಿಕೊಂಡು ನಿನ್ನ ಹತ್ತಿರ ಬಂದಳಯ್ಯ?" ಎಂದರು ಗುರುಗಳು.

ಶಿಷ್ಯ ರಿಪೋರ್ಟನ್ನು ಮೇಜಿನ ಮೇಲಿಟ್ಟು, ಅದನ್ನು ಅವಳನ್ನೇ ಕೇಳಲು ಎದ್ದು ಹೋದ.