ಯಂತ್ರಕ್ಕೆ ಬೇಕಾದ ಗೂಟ

“ಸಿಡಿಲಗಿರಿಯ ಪ್ರಜೆಗಳೆಲ್ಲ ಕೇಳಿರಿ. ದೊರೆ ಸರ್ಜಪ್ಪ ನಾಯಕರು ಕಡಲಾಚೆಯಿಂದ ತರಿಸಿದ ತಾಮ್ರ ಬಡಿಯುವ ಯಂತ್ರಕ್ಕೆ ಮೂರು ಒಗಟುಗಳಿವೆ. ಬಿಡಿಸಿದವರು ಬೇಡಿದ್ದನ್ನು ಪಡೆಯುವರು. ತಪ್ಪಿದವರು ತಲೆ ಕೊಡುವರು. ಕಂಚುಗಾರ ಓಣಿಯಿಂದ ವಶಪಡಿಸಿಕೊಂಡ ಗೂಟಗಳನ್ನೆಲ್ಲ ಅಮಾವಾಸ್ಯೆಯಂದು ಕರಗಿಸಿ ಫಿರಂಗಿ ಮಾಡಲಾಗುವುದು.”

ಕೊನೆಯ ಮಾತನ್ನು ಕಂಚುಗಾರ ಓಣಿಯಲ್ಲಿ ಮಾತ್ರ ಡಂಗುರದವನು ಮೆಲ್ಲಗೆ ಹೇಳಿ ಜಾಗ ಖಾಲಿ ಮಾಡಿದ.

ಗೂಟ ಎಂದರೆ ದನ ಕಟ್ಟುವ ಗೂಟವಲ್ಲ. ಮರದ ದಿಮ್ಮಿಯಲ್ಲಿ ನೆಟ್ಟ ಕಬ್ಬಿಣದ ಗೂಟ. ಒಂದರ ತಲೆ ದುಂಡು, ಇನ್ನೊಂದರದು ಚಪ್ಪಟೆ. ಅದರ ಮೇಲೆ ತಗಡಿಟ್ಟು ಬಡಿದರೇನೇ ಪಾತ್ರೆಗೆ ಹೊಟ್ಟೆ ಬರುವುದು. ಯಂತ್ರ ಬಂದ ಮೇಲೆ ಇವರಿಗೆ ಗೂಟ ಯಾಕೆ ಎಂದು ದೊರೆ ಎಲ್ಲವನ್ನೂ ಗಾಡಿಗೆ ಹೇರಿಸಿ ಅರಮನೆಯ ಅಂಗಳದಲ್ಲಿ ರಾಶಿ ಹಾಕಿಸಿದ್ದ. ಓಣಿಯಲ್ಲಿ ಒಲೆ ಹೊತ್ತಿಸುವುದೂ ಕಷ್ಟವಾಗಿತ್ತು.

ಯಂತ್ರವೋ ದೊಡ್ಡ ಹೆಸರಿನದು. ಎತ್ತು ಗಾಣ ಸುತ್ತಿದಂತೆ ಸುತ್ತಿದರೆ ಸುತ್ತಿಗೆ ಏರಿ ಧಡ್ ಎಂದು ಬೀಳುತ್ತಿತ್ತು. ಆದರೆ ಈವರೆಗೆ ಒಂದೇ ಒಂದು ತಂಬಿಗೆಯನ್ನೂ ಮಾಡಿರಲಿಲ್ಲ. ಕೊಟ್ಟ ತಗಡನ್ನೆಲ್ಲ ಹರಿದು ಹಾಕಿತ್ತು. ಅದನ್ನು ಮಾಡಿದ ಕಮ್ಮಾರ ಮೂರು ಒಗಟುಗಳ ಓಲೆ ಕೊಟ್ಟು, ಇವನ್ನು ಬಿಡಿಸಿದವರಿಗೇ ಯಂತ್ರ ಒಲಿಯುತ್ತದೆ ಎಂದು ಹೇಳಿ ಹಡಗು ಹತ್ತಿದ್ದನಂತೆ. ಉತ್ತರ ಸರಿಯೋ ತಪ್ಪೋ ಎಂದು ಯಂತ್ರವೇ ಹೇಳಬೇಕಿತ್ತು.

ಮಂತ್ರಿ ಮೊದಲ ಒಗಟು ಓದಿದ. ಸುತ್ತಿಗೆಗೆ ಎದುರಾಗಿ ಕೆಳಗೆ ನಿಂತು, ತಾನು ಬದಲಾಗದೆ ಮೇಲಿದ್ದವರ ರೂಪ ಬದಲಿಸುವವನು ಯಾರು?

“ಸೈನಿಕ,” ಎಂದ ದಳವಾಯಿ, ಮೀಸೆ ನೀವಿಕೊಂಡು. ಸೈನಿಕನ ಗುರಾಣಿಯನ್ನು ತಗಡಿನಡಿ ಇಟ್ಟರು. ಒಂದೇ ಪೆಟ್ಟಿಗೆ ಗುರಾಣಿ ಎರಡು ಹೋಳಾಯಿತು. “ಭೂಮಿ,” ಎಂದರು ಆಸ್ಥಾನದ ಶಾಸ್ತ್ರಿಗಳು. ಮಣ್ಣು ತುಂಬಿ ಬಡಿದರು. ತಗಡು ಮಣ್ಣಿನಲ್ಲಿ ಹೂತು ಹರಿಯಿತು. ಇಬ್ಬರನ್ನೂ ಸೆರೆಮನೆಗೆ ತಳ್ಳಿದರು. ಅಮಾವಾಸ್ಯೆಗೆ ಅವರ ತಲೆಯೂ ಹೋಗುವುದಿತ್ತು.

ಆಮೇಲೆ ಬಂದವಳು ಮೋನವ್ವ. ತೀರಿಹೋದ ಈರೋಜಿಯ ಮಗಳು, ಅಪ್ಪನ ಗೂಟದ ಮೇಲೆ ದುಡಿದು ತಾಯಿಯನ್ನು ಸಾಕುತ್ತಿದ್ದವಳು. ಸಭೆಯಲ್ಲಿ ಕಿಸಕ್ಕನೆ ನಕ್ಕವರಿಗೆ ಲೆಕ್ಕವಿಲ್ಲ.

“ಹೆಣ್ಣುಮಗಳು, ಸುಮ್ಮನೆ ಸಾಯಬೇಡ. ಮನೆಗೆ ಹೋಗು,” ಎಂದ ದೊರೆ.

“ಮನ್ಯಾಗ ಕುಂತು ಉಪಾಸ ಸಾಯೂದು ಇದ್ದ ಐತ್ರಿ,” ಎಂದಳು ಮೋನವ್ವ. “ಒಗಟು ನಂಗೂ ಕೇಳಿಸೇತಿ. ಉತ್ತರ ನಿಮ್ಮ ಅಂಗಳದಾಗ ಬಿದ್ದೈತಿ.”

ಅವಳು ರಾಶಿಯೊಳಗೆ ಕೈಯಾಡಿಸಿ ಅಪ್ಪನ ದುಂಡುತಲೆಯ ಗೂಟ ಎಳೆದು ತಂದಳು. ಯಂತ್ರದ ಸುತ್ತಿಗೆಯ ನೇರ ಕೆಳಗೆ ಒಂದು ಚೌಕ ತೂತಿತ್ತು. ಅದು ಯಾಕಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕಾವಲುಗಾರರು ಎಲೆ ಅಡಿಕೆ ಉಗುಳುವುದಕ್ಕೆ ಬಳಸುತ್ತಿದ್ದರು. ಅವಳು ಅದನ್ನು ನೀರು ಹಾಕಿ ತೊಳೆದು ಗೂಟ ಇಳಿಸಿದಳು. ತೂತು ದೊಡ್ಡದು, ಗೂಟದ ಬುಡ ಸಣ್ಣದು. ಗೂಟ ಲೊಡಲೊಡ ಅಲ್ಲಾಡಿತು.

“ಕಬ್ಬಿಣದ ಚಕ್ಕೆ ಬಡಿದು ಬಿಗಿಮಾಡು,” ಎಂದ ಮಂತ್ರಿ. “ಈಗ ಎರಡನೆಯ ಒಗಟು. ಕಬ್ಬಿಣವೂ ಕಬ್ಬಿಣವೂ ಜಗಳಾಡುವಾಗ ನಡುವೆ ಕೂತು ಇಬ್ಬರ ಕೋಪ ನುಂಗುವ ನೆಂಟ ಯಾರು?”

“ನಿಮ್ಮ ಮಾತು ಕೇಳಿ ಚಕ್ಕಿ ಬಡದ್ರ ಗೂಟ ಸೀಳತೈತ್ರಿ. ನಮ್ಮ ಓಣ್ಯಾಗ ಗೂಟಾನ ಹುಣಸಿ ದಿಮ್ಮ್ಯಾಗ ಯಾಕ ನೆಡ್ತೀವಿ ಅಂತ ಒಬ್ಬರಾದ್ರೂ ಕೇಳೀರೇನು?”

ಹುಣಸೆಯ ತುಂಡೊಂದನ್ನು ತೂತಿನ ಅಳತೆಗೆ ಕೆತ್ತಿ, ಅದರ ನಡುವೆ ಗೂಟದ ಬುಡದಷ್ಟು ಕೊರೆದು, ಎರಡನ್ನೂ ಸೇರಿಸಿ ಇಳಿಸಿ ಬೆಣೆ ಹೊಡೆದಳು. ಎತ್ತು ಸುತ್ತಿತು. ಸುತ್ತಿಗೆ ಬಿತ್ತು. ಗೂಟ ಮಿಸುಕಲಿಲ್ಲ. ಅವಳು ತಗಡನ್ನು ತಿರುಗಿಸುತ್ತ ಹೋದಂತೆ ಅದು ಕುಳಿಬಿದ್ದು, ದುಂಡಾಗಿ, ಬಿಂದಿಗೆಯ ಹೊಟ್ಟೆಯಾಗಿ, ಮೇಲಕ್ಕೆ ಕಿರಿದಾಯಿತು. ನಗುತ್ತಿದ್ದವರು ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೂರನೆಯ ಒಗಟನ್ನು ದೊರೆಯೇ ಓದಿದ. ಕಿರಿದಾದ ಕೊರಳಿನೊಳಗೆ ಹೊಕ್ಕು, ಹೊರಗಿನ ಪೆಟ್ಟಿಗೆ ಒಳಗಿನಿಂದ ಎದುರು ನಿಂತು, ಕೆಲಸ ಮುಗಿದ ಮೇಲೆ ಸದ್ದಿಲ್ಲದೆ ಹೊರಬರುವವನು ಯಾರು?

“ಒತ್ತು ಕೊಡೂ ಗುಂಡು,” ಎಂದಳು. “ನಾವು ಕೈಯಾಗ ಹಿಡ್ಕೊಂಡು ಒಳಗಿಂದ ಒತ್ತತೀವಿ. ಈ ರಾಕ್ಷಸನ ಮುಂದ ಕೈ ಒಡ್ಡಿದ್ರ ಕೈ ಹೋಗತೈತಿ.” ಬಾಗಿದ ಸಲಾಕೆಯ ತುದಿಗೆ ಅಂಗೈಯಗಲದ ಕಬ್ಬಿಣದ ಗುಂಡು ಬಿಗಿದು, ಸಲಾಕೆಯ ಬುಡವನ್ನು ಹುಣಸೆಯ ತುಂಡಿನಲ್ಲಿ ಗೂಟವಿದ್ದ ಜಾಗಕ್ಕೇ ಇಳಿಸಿ, ಬಿಂದಿಗೆಯನ್ನು ಅದಕ್ಕೆ ತೊಡಿಸಿದಳು. ಎತ್ತು ಸುತ್ತಿ ಸುತ್ತಿಗೆ ಬಿದ್ದಂತೆಲ್ಲ ಬಿಂದಿಗೆಯ ಮೈಮೇಲಿನ ನಗ್ಗುಗಳು ಮಾಯವಾದವು. ನೀರು ತುಂಬಿ ದೊರೆಯ ಮುಂದಿಟ್ಟರೆ ಒಂದು ಹನಿಯೂ ಸೋರಲಿಲ್ಲ.

ದೊರೆಗೆ ಖುಷಿಯೋ ಖುಷಿ. “ಭೇಷ್. ನಿನ್ನನ್ನೇ ಅರಮನೆ ಕಾರ್ಖಾನೆಗೆ ಒಡತಿ ಮಾಡುತ್ತೇನೆ. ಈ ಗೂಟ, ಈ ಗುಂಡು ಇಲ್ಲಿರಲಿ. ಉಳಿದದ್ದು ಫಿರಂಗಿಗೆ.”

“ಬೇಡಿದ್ದು ಕೊಡ್ತೀನಿ ಅಂತ ಡಂಗುರ ಹೊಡಿಸೀರಿ. ನಾನು ಇನ್ನೂ ಬೇಡಿಲ್ಲ,” ಎಂದಳು ಮೋನವ್ವ. “ಎಲ್ಲಾ ಗೂಟ ಓಣಿಗೆ ವಾಪಸ್ ಬರಬೇಕು. ಸೆರ್ಯಾಗಿನ ಇಬ್ಬರ ತಲಿ ಉಳೀಬೇಕು. ಯಂತ್ರಾನೂ ನಮ್ಮ ಓಣಿಗೆ ಬರಬೇಕು.”

“ಯಂತ್ರ ನನ್ನದು,” ದೊರೆಯ ದನಿ ಗಡುಸಾಯಿತು.

“ಹೌದ್ರಿ. ಗೂಟ ನಮ್ಮವು. ತಂಬಿಗಿಗೊಂದು ಗೂಟ, ಹಂಡೇಕೊಂದು ಗೂಟ. ಎಷ್ಟು ಗೂಟ ಕರಗಸ್ತೀರೋ ಅಷ್ಟು ನಮೂನಿ ಪಾತ್ರಿ ನಿಮ್ಮ ರಾಜ್ಯದಾಗ ಹುಟ್ಟಂಗಿಲ್ಲ. ನಿಮ್ಮ ಯಂತ್ರಕ್ಕ ನಮ್ಮ ಗೂಟ ಬೇಕು. ನಮ್ಮ ಗೂಟಕ್ಕ ನಿಮ್ಮ ಯಂತ್ರ ಬೇಕಂತೇನಿಲ್ಲ. ಕೈ ಸುತ್ತಿಗಿ ಐತಿ.”

ಹೇಳಿದವಳೇ ಬಗ್ಗಿ ಬೆಣೆ ಕೀಳತೊಡಗಿದಳು. ಕಾವಲುಗಾರ ಕತ್ತಿ ಹಿರಿದ. ಅವಳು ತಲೆಯೆತ್ತಿಯೂ ನೋಡಲಿಲ್ಲ. ಬೆಣೆ ಒಂದಂಗುಲ ಮೇಲೆ ಬಂತು.

ದೊರೆ ಹರಿದ ತಗಡುಗಳ ಗುಡ್ಡೆ ನೋಡಿದ. ಬಿಂದಿಗೆ ನೋಡಿದ. ಕೊನೆಗೆ, “ಗಾಡಿ ಕಟ್ಟಿ,” ಎಂದ.

ಬಿಡುಗಡೆಯಾದ ದಳವಾಯಿಯೂ ಶಾಸ್ತ್ರಿಗಳೂ ಗೂಟ ಹೊರಲು ಕೈ ಹಚ್ಚಿದರು. ಓಣಿಯ ಹೆಂಗಸರು ಗೂಟದ ತಲೆ ಸವರಿ ನೋಡಿಯೇ ಇದು ನಮ್ಮದು, ಇದು ನಿಮ್ಮದು ಎಂದು ಗುರುತಿಸಿ ಒಳಗೊಯ್ದರು. ಬೇವಿನ ಕಟ್ಟೆಯ ಪಕ್ಕ ಯಂತ್ರ ನಿಂತಿತು. ಯಾರ ಮನೆಯ ಗೂಟ ತಂದರೂ ಅದಕ್ಕೆ ಹೊಂದುವ ಹುಣಸೆಯ ತುಂಡು ಅಲ್ಲಿತ್ತು.

ಆ ದೀಪಾವಳಿಗೆ ಅರಮನೆಯಿಂದ ನೂರು ಹಂಡೆ ಬೇಕೆಂದು ಹೇಳಲು ಆಳು ಬಂದ. ಮೋನವ್ವ ತಗಡಿನಿಂದ ಕಣ್ಣು ತೆಗೆಯದೆ, “ಮಾಡಿಕೊಡೋಣ್ರಿ. ನಿಮಗಿಂತ ಮೊದಲ ಡಂಗುರದವ ಬಂದು ಹೇಳ್ಯಾನ. ಅವನ ಹಂಡೆ ಮುಗೀಲಿ, ಆಮ್ಯಾಗ ದೊರಿಗಳ ಪಾಳಿ,” ಎಂದಳು.