ದೊರೆಯ ಮೀಸೆ ಮತ್ತು ದಿಗಿಲು

ಹುಲಿಗೊಂದಿಯ ದೊರೆ ಕೆಂಚನಾಯಕನಿಗೆ ತನ್ನ ಧೈರ್ಯದ ಮೇಲೆ ಎಷ್ಟು ಹೆಮ್ಮೆಯೋ ಮೀಸೆಯ ಮೇಲೂ ಅಷ್ಟೇ ಹೆಮ್ಮೆ. ಒಂದನ್ನು ಹೊಗಳಿಕೊಳ್ಳುವಾಗ ಇನ್ನೊಂದನ್ನು ತಿರುವುತ್ತಿದ್ದ.

ಕ್ಷೌರದ ದಿನ ಪಂಡಿತ ಶೇಷಾವಧಾನಿಗಳು ತಾವು ಬರೆಯುತ್ತಿದ್ದ ನಿಘಂಟನ್ನು ಅವನಿಗೆ ಓದಿ ಹೇಳುವುದು ರೂಢಿ. ಹನ್ನೆರಡು ವರ್ಷದ ದುಡಿಮೆ ಅದು. ಅವತ್ತು ಅರಮನೆಯ ಕ್ಷೌರಿಕ ಮುತ್ತಯ್ಯ ದೊರೆಯ ಕೆನ್ನೆಗೆ ನೀರು ಹಚ್ಚುತ್ತಿದ್ದಾಗ ಅವಧಾನಿಗಳು ಓದಿದರು: "ದಿಗಿಲು. ಫಕ್ಕನೆ ಆಗುವ ಹೆದರಿಕೆ."

"ಹೊಡೆದುಹಾಕಿ ಆ ಪದವನ್ನ," ಅಂದ ದೊರೆ. "ಹುಟ್ಟಿದಾಗಿನಿಂದ ನಮಗೆ ಆಗದೇ ಇದ್ದದ್ದು ನಮ್ಮ ರಾಜ್ಯದ ನಿಘಂಟಿನಲ್ಲಿ ಯಾಕೆ?"

ಜನ ಆಡುವ ಮಾತನ್ನು ಹೊಡೆದುಹಾಕಲು ತಮಗೆ ಅಧಿಕಾರವಿಲ್ಲವೆಂದು ಅವಧಾನಿಗಳು ಹೇಳಿದರು. ದೊರೆಗೆ ಕೋಪ ನೆತ್ತಿಗೇರಿತು. ಹಾಗಾದರೆ ಕ್ಷೌರ ಮುಗಿಯುವುದರೊಳಗೆ ಆ ದಿಗಿಲನ್ನು ತನಗೆ ತೋರಿಸಬೇಕು. ಹಾವು ತರಕೂಡದು, ಕತ್ತಿ ಹಿರಿಯಕೂಡದು, ಕಿರುಚಕೂಡದು. ಆಗದಿದ್ದರೆ ನಿಘಂಟು ಪೂರ್ತಿ ಅಡುಗೆಮನೆಯ ಒಲೆಗೆ ಎಂದು ಅಪ್ಪಣೆ ಮಾಡಿದ.

ಅವಧಾನಿಗಳು ಓಲೆಗರಿಯ ಕಟ್ಟನ್ನು ಎದೆಗವಚಿಕೊಂಡರು. ಮುತ್ತಯ್ಯನಿಗೆ ಓದುಬರಹ ಬಾರದು. ಆದರೆ ಹನ್ನೆರಡು ವರ್ಷ ಕ್ಷೌರ ಮಾಡುತ್ತ ಮಾಡುತ್ತ ಆ ನಿಘಂಟನ್ನೆಲ್ಲ ಅವನೂ ಕೇಳಿದ್ದ. ಅದು ಒಲೆಗೆ ಹೋಗುವುದು ಅವನಿಗೂ ಬೇಕಿರಲಿಲ್ಲ.

ಅವನು ಕೆಲಸ ಮುಂದುವರಿಸಿದ. ಎಡಗೆನ್ನೆ ಆಯಿತು, ಬಲಗೆನ್ನೆ ಆಯಿತು. ಕನ್ನಡಿಯನ್ನು ಮೆಲ್ಲಗೆ ಮಗುಚಿ ಇಟ್ಟು ಮೀಸೆಯ ಹತ್ತಿರ ಬಂದ. ಕತ್ತರಿ ಒಂದು ಸಲ ಕಚಕ್ ಎಂದಿತು. ಆಮೇಲೆ ಕೈ ನಿಂತೇ ಹೋಯಿತು.

"ಅಯ್ಯೋ," ಅಂದ, ತನ್ನಷ್ಟಕ್ಕೆ ಅಂದುಕೊಂಡ ಹಾಗೆ.

ದೊರೆ ಮಣೆಯಿಂದ ಛಂಗನೆ ಎದ್ದ. ನೀರಿನ ಬಟ್ಟಲು ಉರುಳಿತು. ಎರಡೂ ಕೈ ಮೀಸೆಗೆ ಹೋದವು. "ಏನಾಯ್ತೋ? ಎಷ್ಟು ಹೋಯ್ತೋ? ಕನ್ನಡಿ ಎಲ್ಲೋ?"

"ಒಂದು ಕೂದಲೂ ಹೋಗಿಲ್ಲ ಬುದ್ಧಿ, ಬರೀ ಗಾಳೀನ ಕತ್ತರಿಸಿದೆ," ಅಂದ ಮುತ್ತಯ್ಯ. "ಕಾರಣ ಗೊತ್ತಿದ್ದು ಬರೋದು ಹೆದರಿಕೆ. ಕಾರಣ ತಿಳಿಯೋಕೆ ಮುಂಚೇನೇ ಬಂದುಬಿಡೋದು ದಿಗಿಲು. ಅವಧಾನಿಗಳು ಬರೆದಿರೋದು ಅದನ್ನೇ."

ದೊರೆ ಎದೆ ಸೆಟೆಸಿದ. "ದಿಗಿಲಂತೆ ದಿಗಿಲು. ಕಾಲು ಜೋಮು ಹಿಡಿದಿತ್ತು, ಎದ್ದೆ."

"ಹಾಗಾದ್ರೆ ಮೀಸೆಯಿಂದ ಕೈ ತೆಗೀರಿ ಬುದ್ಧಿ, ಕೆಲಸ ಮುಗಿಸ್ತೀನಿ."

ಎರಡು ಕೈಯೂ ಇನ್ನೂ ಮೀಸೆಯ ಮೇಲೇ ಇದ್ದದ್ದು ದೊರೆಗೆ ಆಗಲೇ ಗೊತ್ತಾದದ್ದು. ಹೊಟ್ಟೆ ಹಿಡಿದುಕೊಂಡು ನಕ್ಕ. ಬೆರಳಿನ ಉಂಗುರ ತೆಗೆದು ಮುತ್ತಯ್ಯನ ಕೈಗಿಟ್ಟು ಅವಧಾನಿಗಳ ಕಡೆ ತಿರುಗಿದ.

"ಆ ಪದ ಇರಲಿ. ಬಳಕೆಗೆ ಒಂದು ವಾಕ್ಯವನ್ನೂ ಸೇರಿಸಿ: ಕ್ಷೌರಿಕ ಅಯ್ಯೋ ಅಂದ, ದೊರೆಗೆ ದಿಗಿಲಾಯಿತು. ಯಾವ ದೊರೆ ಅಂತ ಮಾತ್ರ ಬರೀಬೇಡಿ."