ಮೌನೇಶಪ್ಪ ಅಳಿಸಿದ ಮಾರಿ

ಭಾಳ ಹಿಂದಿನ ಮಾತು. ಹೊಳಿ ದಂಡಿಮ್ಯಾಗ ಒಂದೂರು. ಆ ಊರಾಗ ಫೋಟೋದ ಮೌನೇಶಪ್ಪ ಅಂತ ಒಬ್ಬಾಂವ ಇದ್ದ ಅಂತಾರ. ಸುಮ್ನ ಕೂತು ಕೇಳ್ರಿ, ನಡುವ ಬಾಯಿ ಹಾಕಬ್ಯಾಡ್ರಿ.

ಅವನ ಕ್ಯಾಮರಾ ಅಂದ್ರ ಮೂರು ಕಾಲಿನ ದೊಡ್ಡ ಕಟಗಿ ಪೆಟಗಿ. ಕರೇ ಅರಿವಿಯೊಳಗ ತಲಿ ಹಾಕಿ, ಉಸಿರು ಬಿಗಿಹಿಡೀರಿ ಅಂತಿದ್ದ. ಒಳಗಿನ ಫಿಲ್ಮು ಅಂಗೈಗಿಂತ ಅಗಲ. ಅದರಿಂದ ಅಂವ ಕಾಗದಕ್ಕ ಇಳಿಸಿದ ಚಿತ್ರದಾಗ ಸೀರಿಯ ಎಳಿ ಎಳಿ ಕಾಣತಿತ್ತಂತ. ಸತ್ತವರು ಕಣ್ಣು ಮಿಟುಕಸ್ತಿದ್ರಂತ. ನಾ ನೋಡಿಲ್ಲಪ್ಪ, ಅಂತಾರ.

ಆದ್ರ ನಮ್ಮ ಮಂದಿ ಸುಮ್ನಿರ್ತಾರೇನು? ಮೌನೇಶಪ್ಪಾ, ಒಂಚೂರು ಬೆಳ್ಳಗ ಮಾಡು, ಸುಕ್ಕು ತಗಿ ಅಂತ ಗಂಟುಬಿದ್ರು. ಅಂವ ಚೂಪು ಪೆನ್ಸಿಲ್ ಹಿಡಿದು ಫಿಲ್ಮಿನ ಮ್ಯಾಲ ಸಣ್ಣ ಸಣ್ಣ ಚುಕ್ಕಿ ಇಟ್ಟು ಮಾರಿ ನುಣ್ಣಗ ಮಾಡಾಕ ಹತ್ತಿದ. ಬರಬರತ ಕೇಳದವರಿಗೂ ಮಾಡಿದ. ಕೈಗೆ ರೂಢಿ ಆಗಿಬಿಟ್ಟಿತ್ತು.

ತಿಪ್ಪವ್ವ ಅಂತ ಒಬ್ಬ ಹೆಣ್ಣುಮಗಳು. ಆಕಿಗೆ ಒಬ್ಬಾಕಿ ಮಗಳು, ಸಂಕವ್ವ. ಸಣ್ಣಾಕಿದ್ದಾಗ ಸಿಡುಬು ಎದ್ದು ಮಾರಿ ತುಂಬ ಕಲೆ ಉಳಿದಿದ್ವು. ಮೌನೇಶಪ್ಪ ಆಕಿದೊಂದು ಫೋಟೋ ಹೊಡೆದಿಟ್ಟಿದ್ದ. ಮುಂದ ಸಂಕವ್ವ ಜ್ವರ ಬಂದು ತೀರಿಕೊಂಡ್ಲು. ಗ್ವಾಡಿಗೆ ಹಾಕಾಕ ದೊಡ್ಡದೊಂದು ಮಾಡಿಕೊಡು ತಮ್ಮಾ ಅಂತ ತಿಪ್ಪವ್ವ ಬಂದ್ಲು. ಪಾಪ, ಅಂವ ಜೀವ ತೇದು ಮಾಡಿದ, ಒಂದೂ ಕಲೆ ಇಲ್ಲದಂಗ.

ತಿಪ್ಪವ್ವ ನೋಡಿದ್ಲು. ಬೆಳಕಿಗೆ ಹಿಡಿದು ಮತ್ತ ನೋಡಿದ್ಲು. "ಯಾರ ಮಗಳೋ ಯಪ್ಪಾ ಇಕಿ?" ಅಂದ್ಲು.

ಮೌನೇಶಪ್ಪಗ ನೆಲ ಬಾಯಿ ಬಿಟ್ಟು ನುಂಗಬಾರದೇನು ಅನಿಸಿತು. ಸಂಕವ್ವಂದು ಬೇರೆ ಫೋಟೋ ಇರಲಿಲ್ಲ, ಇದ್ದದ್ದು ಅದೊಂದ ಫಿಲ್ಮು. ಟರ್ಪೆಂಟೈನ್ ಎಣ್ಣಿಯಾಗ ಹತ್ತಿ ಅದ್ದಿ ಪೆನ್ಸಿಲ್ ಒರಸಬೇಕು. ಒಂದು ಗೀರು ಬಿದ್ರ ಆ ಮಾರಿ ಮತ್ತ ಎಲ್ಲೂ ಸಿಗೂದಿಲ್ಲ. ತಾಯಿನ್ನ ಎದುರಿಗೆ ಕುಂದ್ರಿಸಿಕೊಂಡು ಒರಸಿದ. ನಾಚಿಕಿಗೆ ತಲಿ ಎತ್ತಲಿಲ್ಲ ಅಂತಾರ. ಆಮ್ಯಾಲ ಆಕಿನ್ನೂ ಕತ್ತಲಕೋಣಿಗೆ ಕರಕೊಂಡು ಹೋಗಿ, ಕೆಂಪು ದೀಪ ಹಚ್ಚಿ, ಕಾಗದ ಔಷಧದ ನೀರಾಗ ಮುಳುಗಿಸಿದ. ಮೊದಲ ಕಣ್ಣು ಬಂದ್ವು. ಆಮ್ಯಾಲ ಗಲ್ಲದ ಮ್ಯಾಲ ಒಂದೊಂದ ಕಲೆ.

"ಬಂದ್ಲು" ಅಂದ್ಲು ತಿಪ್ಪವ್ವ. ಹಸೀ ಕಾಗದಕ್ಕ ಕೈ ಹಾಕಿ, ಕಲೆ ಮುಟ್ಟಿ ಮುಟ್ಟಿ ಅತ್ಲು.

ಸುದ್ದಿ ಊರಿಗೆಲ್ಲ ಹಬ್ಬಿತು. ಮಂದಿ ಮನಿಗೆ ಹೋಗಿ ತಮ್ಮ ತಮ್ಮ ಗ್ವಾಡಿ ನೋಡಿಕೊಂಡ್ರು. ಎಲ್ಲಾ ನುಣ್ಣನ ಮಾರಿ! ಥೂ, ನಾಚಿಕಿಗೇಡು. ಹೆತ್ತವ್ವನ ಮಾರಿ ಚಂದಿಲ್ಲ, ಅಳಿಸು ಅಂದವರು ನಾವ ಅಲ್ಲೇನು ಅಂದುಕೊಂಡ್ರು. ಮೌನೇಶಪ್ಪನ್ನ ಬೈಯಾಕ ಯಾರಿಗೂ ಬಾಯಿ ಬರಲಿಲ್ಲಂತ.

ಇವತ್ತಿಗೂ ಆ ಊರಾಗ ಸತ್ತವರ ಫೋಟೋ ಮನಿಗೆ ಬಂದ್ರ ಲಗೂನ ಮಾಲಿ ಹಾಕಂಗಿಲ್ಲ. ಮನಿಯಾಗಿನ ಹಿರೇ ಹೆಣ್ಣುಮಗಳು ಮುಂದ ಕುಂತು, ಮಾರಿಮ್ಯಾಲ ಬೆರಳಾಡಿಸಿ ಮಚ್ಚಿ, ಗಾಯ, ಸುಕ್ಕು ಹುಡುಕತಾಳ. ಸಿಕ್ಕರ ಗ್ವಾಡಿಗೆ. ಸಿಗಲಿಲ್ಲಂದ್ರ, ಇವರು ನಮ್ಮವರಲ್ಲ ಅಂತಾಳ. ಮನಿ ಮಂದಿ ತಲಿ ತಗ್ಗಿಸಿ ಫೋಟೋ ವಾಪಸ್ ಫೋಟೋದವನ ಕಡೆ ಒಯ್ತಾರ.